ಅಂತಿಮ ಪಂದ್ಯವನ್ನು ಎದುರು ನೋಡುವುದು: ಫುಟ್‌ಬಾಲ್ ಅಭಿಮಾನಿಯೂ ‘ನಮ್ಮವರು’ ಎಂಬ ಮಾತೂ

1

2023ನೆಯ ಇಸವಿ ಮಾರ್ಚ್ ತಿಂಗಳ 1ನೆಯ ತಾರೀಖು, ಸೌದಿ ಅರೇಬಿಯದ ರಾಜಧಾನಿಯಾದ ರಿಯಾದ್ ನಗರದಲ್ಲಿ, ಕರ್ನಾಟಕದ ಫುಟ್‌ಬಾಲ್ ತಂಡವು ಸರ್ವಿಸಸ್ ತಂಡವನ್ನು 3-1 ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯಕ್ಕೆ ಪ್ರವೇಶ ಪಡೆಯಿತು. ಅಂತಿಮ ಪಂದ್ಯವು ನಡೆಯಬೇಕಾಗಿದ್ದುದು 4ನೆಯ ತಾರೀಖು, ಮೇಘಾಲಯದ ತಂಡದೊಡನೆ. ನಡುವೆ ಉಳಿದದ್ದು ಎರಡು ದಿನಗಳ ಬಿಡುವು. ಆಟಗಾರರಿಗೆ ಅದು ವಿಶ್ರಾಂತಿಯ ಕಾಲ. ಅಭಿಮಾನಿಗೆ ಅದೇ ಅತ್ಯಂತ ದುಡಿಮೆಯ ಕಾಲ. ಹಿಂದಿನ ಪಂದ್ಯವನ್ನು ಮನಸ್ಸಿನಲ್ಲಿ ಮತ್ತೆ ಆಡಿಸುವುದು, ಎದುರಾಳಿಯ ಬಲಾಬಲವನ್ನು ತೂಗುವುದು, ಗೆದ್ದರೆ ಏನು, ಸೋತರೆ ಏನು ಎಂದು ಲೆಕ್ಕ ಹಾಕುವುದು, ಇವೆಲ್ಲ ಆ ಬಿಡುವಿನಲ್ಲಿಯೇ ನಡೆಯತಕ್ಕವು. ಮೈದಾನದಲ್ಲಿ ಆಟವು ತೊಂಬತ್ತು ನಿಮಿಷಗಳಲ್ಲಿ ಮುಗಿಯುವುದು. ಅಭಿಮಾನಿಯ ಆಟಕ್ಕೆ ಅಂಥ ಗಡಿಯಾರವಿಲ್ಲ.

ದೆಹಲಿಯ ನೈರುತ್ಯದಲ್ಲಿರುವ ದ್ವಾರಕಾ ಉಪನಗರದಲ್ಲಿ ನೆಲೆಸಿದ ನಮ್ಮವರ ಕೆಲವು ಮನೆಗಳಲ್ಲಿಯೂ ಆ ಎರಡು ದಿನ ಇಂಥ ಸಡಗರವಿದ್ದಿತು. ಒಂದು ಮನೆಯಲ್ಲಿ ನಡೆದ ಮಾತೇ ಈ ಲೇಖನಕ್ಕೆ ಕಾರಣ. ತಂದೆಯು ಕರ್ನಾಟಕದ ಆಟಗಾರರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ದ್ವಾರಕೆಯಲ್ಲಿಯೇ ಹುಟ್ಟಿ ಬೆಳೆದ ಹತ್ತು ವರ್ಷದ ಮಗಳು ಕೇಳಿಸಿಕೊಂಡು, “ಅಪ್ಪಾ, ಇವರಲ್ಲಿ ನಮ್ಮವರು ಯಾರು?” ಎಂದಳು. “ಎಲ್ಲರೂ ನಮ್ಮವರೇ ಕಣಮ್ಮ” ಎಂದರು ತಂದೆ. “ಹೇಗೆ?” ಎಂದಳು ಮಗಳು. ತಂದೆಯವರು ಸುಶಿಕ್ಷಿತರು, ಮಾತು ಬಲ್ಲವರು. ಆದರೂ ಆ ‘ಹೇಗೆ’ ಎಂಬುದಕ್ಕೆ ಒಡನೆ ಉತ್ತರ ಹೇಳಲಾರದೆ ಹೋದರು.

ಊರು ಬಿಟ್ಟು ಬಂದವರಾದ ನಮಗೆ ಈ ಪ್ರಶ್ನೆ ಹೊಸದಲ್ಲ. ಸಂಘದ ಸಭೆಗಳಲ್ಲಿ, ಮನೆಯ ಮಾತುಕತೆಗಳಲ್ಲಿ ಅದು ಬೇರೆ ಬೇರೆ ವೇಷಗಳಲ್ಲಿ ಬರುತ್ತಲೇ ಇರುವುದು. ಫುಟ್‌ಬಾಲ್ ಅಭಿಮಾನಿಯು ಅಂತಿಮ ಪಂದ್ಯವನ್ನು ಎದುರು ನೋಡುವ ಬಗೆಯನ್ನು ಸ್ವಲ್ಪ ಪರಿಶೀಲಿಸಿದರೆ ಆ ಪ್ರಶ್ನೆಗೂ ಒಂದು ಉತ್ತರ ದೊರೆಯಬಹುದೆಂಬುದು ಈ ಲೇಖಕನ ನಂಬಿಕೆ.

2

ಮೊದಲು ಕಪ್ ಪಂದ್ಯಾವಳಿಯ ರಚನೆಯನ್ನು ನೋಡೋಣ. ಸ್ಪರ್ಧೆಗಳಲ್ಲಿ ಎರಡು ಮುಖ್ಯ ಬಗೆಗಳುಂಟು. ಲೀಗ್ ಎಂಬುದರಲ್ಲಿ ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳೊಡನೆ ಆಡಿ, ಗಳಿಸಿದ ಅಂಕಗಳನ್ನು ಕೂಡಿಸುತ್ತ ಹೋಗುವುದು. ಒಂದು ದಿನದ ಸೋಲನ್ನು ಇನ್ನೊಂದು ದಿನದ ಗೆಲುವಿನಿಂದ ತುಂಬಿಕೊಳ್ಳಬಹುದು. ಕಪ್ ಪಂದ್ಯಾವಳಿಯಲ್ಲಿ ಹಾಗಿಲ್ಲ. ಗುಂಪಿನ ಹಂತವೊಂದು ಮೊದಲಿಗೆ ಇರಬಹುದಾದರೂ, ಅದನ್ನು ದಾಟಿದ ಮೇಲೆ ಸೋತವನು ಮನೆಗೆ, ಗೆದ್ದವನು ಮುಂದಕ್ಕೆ. ಈ ಕ್ರಮವನ್ನು ಜಗತ್ತಿಗೆ ಪರಿಚಯಿಸಿದುದು ಇಂಗ್ಲೆಂಡಿನ ಎಫ್.ಎ. ಕಪ್. ಅದರ ಮೊದಲ ಅಂತಿಮ ಪಂದ್ಯವು 1872ರ ಮಾರ್ಚ್ 16ರಂದು ಲಂಡನ್ನಿನ ಕೆನ್ನಿಂಗ್ಟನ್ ಓವಲ್ ಮೈದಾನದಲ್ಲಿ ನಡೆದು, ವಾಂಡರರ್ಸ್ ತಂಡವು ರಾಯಲ್ ಎಂಜಿನಿಯರ್ಸ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿತು. ಅಲ್ಲಿಂದ ಹದಿನಾರೇ ವರ್ಷಗಳಲ್ಲಿ, 1888ರಲ್ಲಿ, ಭಾರತ ಸರ್ಕಾರದ ವಿದೇಶ ಕಾರ್ಯದರ್ಶಿಯಾಗಿದ್ದ ಸರ್ ಮಾರ್ಟಿಮರ್ ಡ್ಯುರಾಂಡ್ ಶಿಮ್ಲಾದ ಬೆಟ್ಟಸೀಮೆಯಲ್ಲಿ ಸೈನಿಕರಿಗಾಗಿ ಒಂದು ಕಪ್ಪನ್ನು ಸ್ಥಾಪಿಸಿದನು. ಏಷ್ಯದಲ್ಲಿ ಅಷ್ಟು ಹಳೆಯ ಫುಟ್‌ಬಾಲ್ ಪಂದ್ಯಾವಳಿ ಮತ್ತೊಂದಿಲ್ಲ.

ಕಪ್ ಪಂದ್ಯಾವಳಿಯಲ್ಲಿ ಅಂತಿಮ ಪಂದ್ಯವನ್ನು ಮುಟ್ಟುವುದೇ ಎಷ್ಟು ದುರ್ಲಭವೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ತಂಡವು ಮೂರು ಪಂದ್ಯಗಳಿಗೆ ಎರಡನ್ನು ಗೆಲ್ಲುವಷ್ಟು ಸಮರ್ಥವೆಂದು ಇಟ್ಟುಕೊಳ್ಳೋಣ. ಅಂಥ ತಂಡ ಸಾಮಾನ್ಯವಾದುದಲ್ಲ. ಆದರೂ ಅದು ನಾಲ್ಕು ಪಂದ್ಯಗಳನ್ನು ಒಂದರ ಮೇಲೊಂದರಂತೆ ಗೆಲ್ಲುವ ಸಂಭವವು 81ರಲ್ಲಿ 16 ಮಾತ್ರ, ಎಂದರೆ ಹೆಚ್ಚು ಕಡಮೆ ಐದರಲ್ಲಿ ಒಂದು ಪಾಲು. ಸಮರ್ಥ ತಂಡವೂ ಐದು ಸಲ ಹೊರಟರೆ ನಾಲ್ಕು ಸಲ ದಾರಿಯಲ್ಲಿಯೇ ಉಳಿಯುವುದು. ಆದಕಾರಣ ಅಂತಿಮ ಪಂದ್ಯದ ಮುನ್ನಾದಿನ ಅಭಿಮಾನಿಯ ಎದೆಯಲ್ಲಿರುವ ಭಾವನೆಯಲ್ಲಿ ಬರಿಯ ಆಸೆಯಷ್ಟೇ ಅಲ್ಲದೆ, ಇಂಥ ದಿನ ಮತ್ತೆ ಯಾವಾಗ ಬರುವುದೋ ಎಂಬ ಅಂಜಿಕೆಯೂ ಸೇರಿರುವುದು.

ಆ ಆಸೆಗಾದರೂ ಆಧಾರವುಂಟೇ? ಉಂಟು. ಫುಟ್‌ಬಾಲ್ ಆಟದಲ್ಲಿ ಗೋಲುಗಳ ಸಂಖ್ಯೆ ಕಡಮೆ. ಬಾಸ್ಕೆಟ್‌ಬಾಲ್ ಆಟದಲ್ಲಿ ಒಂದು ತಂಡ ಎಂಬತ್ತು ತೊಂಬತ್ತು ಅಂಕಗಳನ್ನು ಗಳಿಸುವುದರಿಂದ ಅದೃಷ್ಟದ ಏರುಪೇರುಗಳು ಒಂದನ್ನೊಂದು ಸರಿತೂಗಿ, ಬಲಶಾಲಿಯೇ ಬಹುಮಟ್ಟಿಗೆ ಗೆಲ್ಲುವನು. ಫುಟ್‌ಬಾಲ್‌ನಲ್ಲಿ ಹಾಗೆ ಸರಿತೂಗಲು ಅವಕಾಶವೇ ಇಲ್ಲ. ಬಲಿಷ್ಠ ತಂಡವು ಸರಾಸರಿ ಪಂದ್ಯಕ್ಕೆ ಒಂದೂವರೆ ಗೋಲನ್ನೂ ದುರ್ಬಲ ತಂಡವು ಒಂದು ಗೋಲನ್ನೂ ಹೊಡೆಯುವುದೆಂದೂ, ಒಂದು ಗೋಲು ಇನ್ನೊಂದನ್ನು ಅವಲಂಬಿಸುವುದಿಲ್ಲವೆಂದೂ ಭಾವಿಸಿ, ಸಂಖ್ಯಾಶಾಸ್ತ್ರದಲ್ಲಿ ಪ್ವಾಸೋನನ ಹೆಸರಿನಿಂದ ಪ್ರಸಿದ್ಧವಾದ ಸೂತ್ರವನ್ನು ಹಚ್ಚಿ ನೋಡಿದರೆ, ನೂರು ಪಂದ್ಯಗಳಲ್ಲಿ ಬಲಿಷ್ಠ ತಂಡವು ಗೆಲ್ಲುವುದು ಸುಮಾರು 49, ಸಮವಾಗುವುದು 26, ದುರ್ಬಲ ತಂಡವು ಗೆಲ್ಲುವುದು 25. ಬಲದಲ್ಲಿ ಒಂದಕ್ಕೆ ಒಂದೂವರೆಯಷ್ಟು ಅಂತರವಿದ್ದರೂ ನಿರ್ಬಲನಿಗೆ ಕಾಲು ಪಾಲು ಗೆಲುವು ಉಳಿದೇ ಇದೆ. ಸಮವಾದ ಪಂದ್ಯಗಳಲ್ಲಿ ಮತ್ತಷ್ಟು ಪಾಲು ಸಿಕ್ಕಬಹುದು. ಅಭಿಮಾನಿಯನ್ನು ನಾವು ಹುಚ್ಚನೆಂದು ನಗುವೆವು. ಲೆಕ್ಕವು ಅವನ ಕಡೆಗೆ ಸ್ವಲ್ಪ ವಾಲಿದೆಯೆಂಬುದನ್ನು ನಗುವ ಮುನ್ನ ನೆನೆಯಬೇಕು.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬ ಗಾದೆ ನಮ್ಮಲ್ಲಿದೆ. ಅದನ್ನು ಆಡುವುದು ಅವಿವೇಕವನ್ನು ಹಳಿಯುವುದಕ್ಕೆ. ಅಂತಿಮ ಪಂದ್ಯದ ಅಭಿಮಾನಿಯು ಕುಲಾವಿ ಹೊಲಿಸುವವರ ಪಂಗಡಕ್ಕೆ ಸೇರಿದವನೆಂಬುದರಲ್ಲಿ ಸಂದೇಹವಿಲ್ಲ. ಹಿಂದಿನ ಗೆಲುವಿನ ದಿನ ತೊಟ್ಟಿದ್ದ ಅಂಗಿಯನ್ನೇ ತೊಡುವನು; ಕುಳಿತಿದ್ದ ಕುರ್ಚಿಯಲ್ಲಿಯೇ ಕೂರುವನು; ಗೆದ್ದರೆ ಯಾರ ಮನೆಯಲ್ಲಿ ಸಿಹಿ ಎಂಬುದನ್ನು ಮೊದಲೇ ಗೊತ್ತುಪಡಿಸುವನು. ಆದರೆ ಗಾದೆಯನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಕುಲಾವಿ ಹೊಲಿಯಲು ಕುಳಿತ ಮನೆಯವರೆಲ್ಲ ಆ ಹೊಲಿಗೆಯ ಹೊತ್ತಿನಲ್ಲಿ ಒಂದಾಗಿರುವರು. ಕೂಸಿನ ಬಂಧುಗಳು ತಾವೆಂಬುದು ಅವರಿಗೆ ಆಗಲೇ ನಿಶ್ಚಯವಾಗಿರುವುದು. ಈ ಅಂಶವನ್ನು ಮುಂದೆ ಮತ್ತೆ ನೆನೆಯಬೇಕಾಗಿದೆ.

3

ಎದುರು ನೋಡುವ ಕಾಲವು ಹಿಂದೆ ಇನ್ನೂ ದೀರ್ಘವಾಗಿದ್ದಿತು. ಪಂದ್ಯವು ಸಮವಾದರೆ ಪೆನಾಲ್ಟಿ ಒದೆತಗಳಿಂದ ತೀರ್ಮಾನ ಮಾಡುವ ಪದ್ಧತಿಯನ್ನು ಅಂತರರಾಷ್ಟ್ರೀಯ ನಿಯಮ ಮಂಡಲಿಯು ಒಪ್ಪಿದುದು 1970ರಲ್ಲಿ. ಅದಕ್ಕೆ ಮೊದಲು ಮರುಪಂದ್ಯವನ್ನು ಆಡಬೇಕು, ಇಲ್ಲವೆ ಕಪ್ಪನ್ನು ಹಂಚಿಕೊಳ್ಳಬೇಕು. 1960ರ ಡ್ಯುರಾಂಡ್ ಕಪ್ಪನ್ನು ಕಲ್ಕತ್ತೆಯ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳು ಹೀಗೆಯೇ ಹಂಚಿಕೊಂಡವು. ಇಂದು ಎಲ್ಲವೂ ಒಂದೇ ದಿನ ಮುಗಿಯಬೇಕು. ತೊಂಬತ್ತು ನಿಮಿಷಗಳಲ್ಲಿ ತೀರದಿದ್ದರೆ ಹದಿನೈದು ಹದಿನೈದು ನಿಮಿಷಗಳ ಎರಡು ಹೆಚ್ಚುವರಿ ಅವಧಿಗಳು, ಅದಕ್ಕೂ ತೀರದಿದ್ದರೆ ಪೆನಾಲ್ಟಿ. 2017ರ ಮೇ 21ರಂದು ಕಟಕದಲ್ಲಿ ನಡೆದ ಫೆಡರೇಷನ್ ಕಪ್ ಅಂತಿಮ ಪಂದ್ಯದಲ್ಲಿ ಬೆಂಗಳೂರು ಎಫ್.ಸಿ. ಮತ್ತು ಮೋಹನ್ ಬಗಾನ್ ತೊಂಬತ್ತು ನಿಮಿಷಗಳವರೆಗೆ ಒಂದು ಗೋಲನ್ನೂ ಕಾಣದೆ ನಿಂತು, ಹೆಚ್ಚುವರಿ ಅವಧಿಯಲ್ಲಿ ಕೇರಳದ ಕಣ್ಣೂರಿನ ಸಿ.ಕೆ. ವಿನೀತ್ ಹೊಡೆದ ಎರಡು ಗೋಲುಗಳಿಂದ ಬೆಂಗಳೂರು ಗೆದ್ದಿತು.

ಕಪ್ ಪಂದ್ಯದ ಈ ಕಾತರಕ್ಕೂ ದೆಹಲಿಗೂ ಹಳೆಯ ನಂಟು. ಡ್ಯುರಾಂಡ್ ಪಂದ್ಯಾವಳಿಯು 1940ರಲ್ಲಿ ಬೆಟ್ಟದಿಂದಿಳಿದು ದೆಹಲಿಗೆ ಬಂದಿತು. ಆ ವರ್ಷವೇ ಇರ್ವಿನ್ ಆಂಫಿಥಿಯೇಟರ್‌ನಲ್ಲಿ, ಎಂದರೆ ಇಂದಿನ ಮೇಜರ್ ಧ್ಯಾನ್‌ಚಂದ್ ರಾಷ್ಟ್ರೀಯ ಕ್ರೀಡಾಂಗಣದಲ್ಲಿ, ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್ ತಂಡವು ರಾಯಲ್ ವಾರಿಕ್‌ಷೈರ್ ದಳವನ್ನು 2-1ರಿಂದ ಸೋಲಿಸಿ, ಆ ಕಪ್ಪನ್ನು ಪಡೆದ ಮೊದಲ ಭಾರತೀಯ ತಂಡವಾಯಿತು. ಸ್ವಾತಂತ್ರ್ಯಾನಂತರ 1950ರಲ್ಲಿ ಪಂದ್ಯಾವಳಿ ಮತ್ತೆ ಆರಂಭವಾದ ಮೇಲೆ ಡ್ಯುರಾಂಡ್ ಎಂಬುದು ರಾಜಧಾನಿಯ ಒಂದು ಹಬ್ಬವೇ ಆಯಿತು. 1954ರ ಅಂತಿಮ ಪಂದ್ಯದಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಎದುರು ನಿಂತುದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ತಂಡ. ಗೆಲುವು ಹೈದರಾಬಾದಿನವರದಾಯಿತು. ದೆಹಲಿ ಕರ್ನಾಟಕ ಸಂಘವು ಆಗ ಆರು ವರ್ಷದ ಕೂಸು. ದ್ವಾರಕಾ ಉಪನಗರವಿನ್ನೂ ಯಾರ ಕನಸಿನಲ್ಲಿಯೂ ಇರಲಿಲ್ಲ.

ಇಂದು ದ್ವಾರಕೆಯಿಂದ ನೀಲಿ ಮಾರ್ಗದ ಮೆಟ್ರೋ ಹಿಡಿದು ಮಂಡಿ ಹೌಸ್‌ನಲ್ಲಿ ಇಳಿದು, ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಂಡರೆ, ಎರಡನೆಯ ನಿಲ್ದಾಣವೇ ದಿಲ್ಲಿ ಗೇಟ್. ಡ್ಯುರಾಂಡ್ ಪಂದ್ಯಗಳು ಬಹುಕಾಲ ನಡೆದ ಅಂಬೇಡ್ಕರ್ ಕ್ರೀಡಾಂಗಣವು ಅಲ್ಲಿಂದ ಕಾಲುನಡಿಗೆಯ ದೂರ. ದಾರಿ ಇಷ್ಟು ಸುಗಮವಾಗುವ ಹೊತ್ತಿಗೆ ಹಬ್ಬವೇ ಊರು ಬಿಟ್ಟಿತು. 2016ರ ಅಂತಿಮ ಪಂದ್ಯವು ದೆಹಲಿಯಲ್ಲಿ ನಡೆದ ಮೇಲೆ ಎರಡು ವರ್ಷ ಪಂದ್ಯಾವಳಿಯು ನಿಂತು, 2019ರಲ್ಲಿ ಕಲ್ಕತ್ತೆಗೆ ಹೋಯಿತು. ಹೀಗಾಗಿ 2022ರ ಸೆಪ್ಟೆಂಬರ್ 18ರಂದು ಬೆಂಗಳೂರು ಎಫ್.ಸಿ. ತಂಡವು ಮುಂಬಯಿ ಸಿಟಿ ತಂಡವನ್ನು 2-1ರಿಂದ ಸೋಲಿಸಿ ಮೊದಲ ಬಾರಿಗೆ ಡ್ಯುರಾಂಡ್ ಕಪ್ಪನ್ನು ಗೆದ್ದಾಗ, ದೆಹಲಿಯ ಕನ್ನಡಿಗರು ಅದನ್ನು ದೂರದಿಂದಲೇ ನೋಡಬೇಕಾಯಿತು. ನಮ್ಮೂರಿನವರು ಗೆಲ್ಲುವ ಹೊತ್ತಿಗೆ ಕಪ್ಪು ನಾವಿರುವ ಊರಿನಲ್ಲಿ ಉಳಿದಿರಲಿಲ್ಲ.

4

ಸಂತೋಷ್ ಟ್ರೋಫಿಯ ಸಂಗತಿ ಇದಕ್ಕಿಂತ ಭಿನ್ನ. ಡ್ಯುರಾಂಡ್ ಕಪ್ ತಂಡಗಳಿಗೂ ದಳಗಳಿಗೂ ಸೇರಿದುದು. ಸಂತೋಷ್ ಟ್ರೋಫಿ ಪ್ರಾಂತಗಳಿಗೆ ಸೇರಿದುದು. ಕನ್ನಡಿಗನ ಕಿವಿಗೆ ಆ ಹೆಸರು ‘ಸಂತೋಷ’ವೆಂದೇ ಕೇಳಿಸುವುದು. ಅದು ಒಂದು ಊರಿನ ಹೆಸರು. ಇಂದಿನ ಬಾಂಗ್ಲಾದೇಶಕ್ಕೆ ಸೇರಿದ ಸಂತೋಷ್ ಎಂಬ ಜಮೀನ್ದಾರಿಯ ಮಹಾರಾಜ ಸರ್ ಮನ್ಮಥನಾಥ ರಾಯ್ ಚೌಧುರಿಯವರ ಸ್ಮರಣೆಗಾಗಿ ಸ್ಥಾಪಿತವಾದ ಈ ಪಂದ್ಯಾವಳಿಯು 1941ರಲ್ಲಿ ಆರಂಭವಾಯಿತು. ಬಂಗಾಳವು ಮೊದಲ ವರ್ಷವೇ ಗೆದ್ದು, ಈವರೆಗೆ 30ಕ್ಕೂ ಹೆಚ್ಚು ಬಾರಿ ಅದನ್ನು ಪಡೆದಿದೆ. ಮೂರನೆಯ ಸ್ಥಾನಕ್ಕೆಂದು ಇಟ್ಟ ಬಹುಮಾನಕ್ಕೆ ಸಂಪಂಗಿ ಕಪ್ ಎಂದು ಹೆಸರು. ಮೈಸೂರಿನ ಪ್ರಸಿದ್ಧ ಆಟಗಾರ ಸಂಪಂಗಿಯವರ ನೆನಪಿಗಾಗಿ ಮೈಸೂರಿನ ಫುಟ್‌ಬಾಲ್ ಸಂಸ್ಥೆಯೇ ಅದನ್ನು ಕೊಟ್ಟಿತು. ರಾಷ್ಟ್ರದ ಪಂದ್ಯಾವಳಿಯೊಂದರಲ್ಲಿ ನಮ್ಮ ನಾಡಿನ ಆಟಗಾರನ ಹೆಸರು ಇಂದಿಗೂ ಇರುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

1946-47ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮೈಸೂರು ತಂಡವು ಬಂಗಾಳವನ್ನು ಸೋಲಿಸಿ ಮೊದಲ ಬಾರಿಗೆ ಸಂತೋಷ್ ಟ್ರೋಫಿಯನ್ನು ಪಡೆಯಿತು. ಮುಂದೆ 1952-53ರಲ್ಲಿ ಒಮ್ಮೆ, 1967-68 ಮತ್ತು 1968-69ರಲ್ಲಿ ಒಂದರ ಹಿಂದೊಂದರಂತೆ ಎರಡು ಸಲ ಗೆದ್ದಿತು. ಈ ನಾಲ್ಕು ಗೆಲುವುಗಳೂ ‘ಮೈಸೂರು’ ಎಂಬ ಹೆಸರಿನವು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. 1975-76ರಲ್ಲಿ ಹೊಸ ಹೆಸರಿನ ತಂಡವು ಅಂತಿಮ ಪಂದ್ಯವನ್ನು ಮುಟ್ಟಿ ಸೋತಿತು. ಅಲ್ಲಿಂದ 47 ವರ್ಷಗಳ ಕಾಲ ಅಂತಿಮ ಪಂದ್ಯವೇ ಇಲ್ಲ. ಆದುದರಿಂದ 2023ರ ಮಾರ್ಚ್ ಮೊದಲ ವಾರದಲ್ಲಿ ಕನ್ನಡಿಗ ಅಭಿಮಾನಿಯು ಎದುರು ನೋಡುತ್ತಿದ್ದುದು ಒಂದು ಕಪ್ಪಿಗಿಂತ ಹೆಚ್ಚಿನದನ್ನು. ಗೆದ್ದರೆ ‘ಕರ್ನಾಟಕ’ ಎಂಬ ಹೆಸರು ಆ ಪಟ್ಟಿಯಲ್ಲಿ ಮೊದಲ ಬಾರಿಗೆ ಬರೆಯಲ್ಪಡುವುದು. ಏಕೀಕರಣದ ಕನಸನ್ನು ಕಂಡ ಹಿರಿಯರ ಮಕ್ಕಳಿಗೂ ಮೊಮ್ಮಕ್ಕಳಿಗೂ ಇದು ಸಣ್ಣ ವಿಷಯವಲ್ಲ.

ಇಷ್ಟು ಹೇಳಿದ ಮೇಲೆ ದ್ವಾರಕೆಯ ಬಾಲಿಕೆಯ ಪ್ರಶ್ನೆಯು ಇನ್ನಷ್ಟು ಕಠಿನವಾಗುವುದು. ಆ ಹೆಸರನ್ನು ಪಟ್ಟಿಯಲ್ಲಿ ಬರೆಯಿಸಲು ಹೊರಟವರು ಯಾರು? ಅವರು ‘ನಮ್ಮವರು’ ಹೇಗೆ?

5

ಇದಕ್ಕೆ ಉತ್ತರವನ್ನು ಹುಡುಕುವವನು ಬೆಂಗಳೂರಿನ ಹಳೆಯ ದಂಡು ಪ್ರದೇಶಕ್ಕೆ ಹೋಗಬೇಕು. ಪೇಟೆಯ ಬೆಂಗಳೂರು ಮೈಸೂರಿನ ಅರಸರದು. ದಂಡಿನ ಬೆಂಗಳೂರು ಬ್ರಿಟಿಷರ ಆಡಳಿತದಲ್ಲಿದ್ದು, 1947ರಲ್ಲಿ ಮಾತ್ರವೇ ಮೈಸೂರಿಗೆ ಮರಳಿ ಸೇರಿತು. ಫುಟ್‌ಬಾಲ್ ಬೆಳೆದುದು ಹೆಚ್ಚಾಗಿ ದಂಡಿನಲ್ಲಿ. ಅಲ್ಲಿನ ಬೀದಿಗಳ ಮಾತು ತಮಿಳು, ಉರ್ದು, ತೆಲುಗು, ಇಂಗ್ಲಿಷು. 1937ರಲ್ಲಿ ಬ್ಯಾಂಗಲೂರ್ ಮುಸ್ಲಿಮ್ಸ್ ಎಂಬ ತಂಡವು ಮುಂಬಯಿಗೆ ಹೋಗಿ, ಮಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಅಂತಿಮ ಪಂದ್ಯದಲ್ಲಿ ಒಂದು ಗೋಲಿನಿಂದ ಸೋಲಿಸಿ ರೋವರ್ಸ್ ಕಪ್ಪನ್ನು ತಂದಿತು. 1891ರಿಂದ ಬ್ರಿಟಿಷ್ ಸೇನಾದಳಗಳ ಪಾಲಾಗಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷ ಅದೇ ತಂಡವು ಆರ್ಗೈಲ್ ಅಂಡ್ ಸದರ್‌ಲೆಂಡ್ ಹೈಲ್ಯಾಂಡರ್ಸ್ ದಳವನ್ನು 3-2ರಿಂದ ಸೋಲಿಸಿ ಕಪ್ಪನ್ನು ಉಳಿಸಿಕೊಂಡಿತು. ಡ್ಯುರಾಂಡ್ ಕಪ್ ಭಾರತೀಯರ ಕೈಸೇರುವುದಕ್ಕೆ ಮೂರು ವರ್ಷ ಮೊದಲೇ ನಡೆದ ಸಂಗತಿಯಿದು.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತವು ಫ್ರಾನ್ಸಿನ ಎದುರು 2-1ರಿಂದ ಸೋತಿತು. ಬಹುಮಂದಿ ಬರಿಗಾಲಿನಲ್ಲಿಯೇ ಆಡಿದ ಆ ಪಂದ್ಯದಲ್ಲಿ ಭಾರತದ ಒಂದೇ ಒಂದು ಗೋಲನ್ನು, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು, ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಗೋಲನ್ನು ಕಾದವರು ಮೈಸೂರಿನ ಆಟಗಾರರಾದ ವರದರಾಜ್. ಅದೇ ತಂಡದ ಇನ್ನೊಬ್ಬ ಬೆಂಗಳೂರಿಗ ಅಹ್ಮದ್ ಖಾನ್. ಅವರು ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ಸೇರಿ, ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಇವರೊಡನೆ ಮುಂಪಂಕ್ತಿಯಲ್ಲಿ ಆಡಿದರು. ಬಂಗಾಳದ ಅಭಿಮಾನಿಗಳು ಆ ಐವರನ್ನು ‘ಪಂಚಪಾಂಡವರು’ ಎಂದು ಕರೆದರು. ಅವರಲ್ಲಿ ಒಬ್ಬರೂ ಬಂಗಾಳಿಗಳಲ್ಲ! 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿದ್ದ ಕೆಂಪಯ್ಯನವರೂ ಮುಂದೆ ಮೋಹನ್ ಬಗಾನ್ ಸೇರಿದರು.

ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕನ್ನಡ ನಾಡಿನಿಂದ ಹೋದ ಆಟಗಾರರನ್ನು ಬಂಗಾಳವು ಪಾಂಡವರೆಂದು ಕರೆದು ತನ್ನ ಕಥೆಯೊಳಕ್ಕೆ ಬರಮಾಡಿಕೊಂಡಿತು. ದಂಡಿನ ಬೀದಿಗಳಲ್ಲಿ ಬೆಳೆದು ಮೈಸೂರಿಗೂ ಬೆಂಗಳೂರಿಗೂ ಕೀರ್ತಿ ತಂದವರನ್ನು ನಾವು ಅಷ್ಟೇ ಮನಸಾರೆ ನಮ್ಮ ಕಥೆಯೊಳಕ್ಕೆ ಕರೆದೆವೇ? ಕರ್ನಾಟಕದ ಸಾಂಸ್ಕೃತಿಕ ಚರಿತ್ರೆಯನ್ನು ನಾವು ಬರೆದುಕೊಂಡಿರುವ ಪುಟಗಳಲ್ಲಿ ಕವಿಗಳುಂಟು, ಶಿಲ್ಪಿಗಳುಂಟು, ಗಾಯಕರುಂಟು, ದಿವಾನರುಂಟು. ಸಾರಂಗಪಾಣಿ ರಾಮನ್ನರಾಗಲಿ, ಅಹ್ಮದ್ ಖಾನರಾಗಲಿ ಅಲ್ಲಿ ಕಾಣುವುದು ಅಪೂರ್ವ. ಮನೆಮಾತು ಕನ್ನಡವಲ್ಲದವರು ಎಂಬ ಭಾವನೆ ನಮ್ಮನ್ನು ತಡೆದಿರಬಹುದೆಂದು ಈ ಲೇಖಕನಿಗೆ ಅನುಮಾನ. ಹಾಗಿದ್ದರೆ ಅದು ನಮ್ಮ ನಷ್ಟವೇ ಹೊರತು ಅವರದಲ್ಲ. ದೆಹಲಿಯಲ್ಲಿ ಮೂರು ತಲೆಮಾರು ಬದುಕಿಯೂ ‘ನೀವು ಎಲ್ಲಿಯವರು?’ ಎಂಬ ಪ್ರಶ್ನೆಯನ್ನು ಕೇಳಿಸಿಕೊಳ್ಳುವ ನಾವು, ಅದೇ ಪ್ರಶ್ನೆಯನ್ನು ನಮ್ಮ ಮನೆಯ ಬಾಗಿಲಲ್ಲಿ ನಿಂತು ಇತರರಿಗೆ ಕೇಳುತ್ತಿದ್ದೇವೆಯೇ ಎಂಬುದನ್ನು ಯೋಚಿಸಬೇಕು.

6

ರಿಯಾದಿನ ಪಂದ್ಯಕ್ಕೆ ಮರಳೋಣ. ಅಲ್ಲಿನ ಕಿಂಗ್ ಫಹದ್ ಕ್ರೀಡಾಂಗಣದಲ್ಲಿ, ಸಂತೋಷ್ ಟ್ರೋಫಿಯು ಹೊರದೇಶದಲ್ಲಿ ಮುಕ್ತಾಯಗೊಂಡ ಆ ಮೊದಲ ಸಂದರ್ಭದಲ್ಲಿ, ಎರಡನೆಯ ನಿಮಿಷಕ್ಕೇ ಸುನಿಲ್ ಕುಮಾರ್ ಕರ್ನಾಟಕದ ಮೊದಲ ಗೋಲನ್ನು ಹೊಡೆದರು. ಮೇಘಾಲಯವು ಪೆನಾಲ್ಟಿಯಿಂದ ಸಮ ಮಾಡಿಕೊಂಡಿತು. ಬೇಕಿ ಓರಾಂ ಎರಡನೆಯದನ್ನೂ, ವಿರಾಮಕ್ಕೆ ಸ್ವಲ್ಪ ಮುಂಚೆ ರಾಬಿನ್ ಯಾದವ್ ಮೂರನೆಯದನ್ನೂ ಹೊಡೆದರು. ಉತ್ತರಾರ್ಧದಲ್ಲಿ ಮೇಘಾಲಯವು ಇನ್ನೊಂದು ಗೋಲನ್ನು ಗಳಿಸಿತು. ಕೊನೆಯ ಅರ್ಧ ಗಂಟೆಯನ್ನು ಕರ್ನಾಟಕವು ಒಂದೇ ಗೋಲಿನ ಅಂತರದಲ್ಲಿ ಕಾಯ್ದುಕೊಂಡು 3-2ರಿಂದ ಗೆದ್ದಿತು. 1968-69ರ ಬಳಿಕ 54 ವರ್ಷಗಳಿಗೆ ಬಂದ ಗೆಲುವು.

ಹೆಸರುಗಳಿಂದ ಹುಟ್ಟೂರನ್ನು ಊಹಿಸುವುದು ಉಚಿತವಲ್ಲ. ಓರಾಂ ಎಂಬುದು ಛೋಟಾನಾಗಪುರದ ಕಡೆಯ ಆದಿವಾಸಿ ಜನರಲ್ಲಿ ಬಳಕೆಯಲ್ಲಿರುವ ಹೆಸರೆಂಬಷ್ಟನ್ನು ಮಾತ್ರ ಹೇಳಬಹುದು. ಆದರೆ ಪಂದ್ಯಾವಳಿಯ ಕ್ರಮವೊಂದು ಸ್ಪಷ್ಟವಾಗಿದೆ. ಆಟಗಾರನು ಯಾವ ಪ್ರಾಂತದ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿಕೊಂಡು ಆಡುತ್ತಿರುವನೋ ಆ ಪ್ರಾಂತದವನಾಗಿ ಮೈದಾನಕ್ಕಿಳಿಯುವನು. ರೈಲ್ವೆಯಲ್ಲಿಯೋ ಸೇನೆಯಲ್ಲಿಯೋ ಕೆಲಸಕ್ಕಿರುವ ಕನ್ನಡಿಗನು ಕರ್ನಾಟಕದ ಎದುರಿಗೇ ಆಡಬೇಕಾಗಬಹುದು. ಕ್ಲಬ್ಬುಗಳಲ್ಲಿಯೂ ಇದೇ ಕಥೆ. 2013ರಿಂದ ಬೆಂಗಳೂರು ಎಫ್.ಸಿ.ಯಲ್ಲಿದ್ದು, 2022ರಲ್ಲಿ ನಾಯಕನಾಗಿ ಡ್ಯುರಾಂಡ್ ಕಪ್ಪನ್ನು ಎತ್ತಿದ ಸುನಿಲ್ ಛೇತ್ರಿ ಹುಟ್ಟಿದುದು ಸಿಕಂದರಾಬಾದಿನಲ್ಲಿ, ನೇಪಾಳಿ ಮೂಲದ ಸೈನಿಕ ಕುಟುಂಬದಲ್ಲಿ. ಅವರು ಆಟ ಕಲಿತು ಬೆಳೆದುದು ದೆಹಲಿಯಲ್ಲಿ. ಓದಿದ ಶಾಲೆಯೊಂದು ಧೌಲಾ ಕುವಾಂನಲ್ಲಿ, ದ್ವಾರಕೆಗೆ ಹೆಚ್ಚು ದೂರವಲ್ಲದ ಕಡೆ. ನಾವು ಬೆಂಗಳೂರಿನಿಂದ ದೆಹಲಿಗೆ ಬಂದೆವು. ಅವರು ದೆಹಲಿಯಿಂದ ಬೆಂಗಳೂರಿಗೆ ಹೋದರು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನಿಂತು ಕೂಗುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗದವರು ಅವರ ಹುಟ್ಟೂರನ್ನು ವಿಚಾರಿಸಿಕೊಂಡು ಕೂಗಿದವರಲ್ಲ.

ಹಾಗಾದರೆ ‘ನಮ್ಮವರು’ ಎಂಬುದು ಬರಿಯ ನೋಂದಣಿಯ ಕಾಗದವೇ? ಅಲ್ಲವೆಂದು ಅಭಿಮಾನಿಯ ಮನಸ್ಸು ಹೇಳುವುದು. ಕಾಗದದಿಂದ ಆಟಗಾರನಿಗೆ ತಂಡದಲ್ಲಿ ಸ್ಥಾನ ಸಿಕ್ಕಬಹುದು, ಅಭಿಮಾನಿಯ ಎದೆಯಲ್ಲಿ ಸಿಕ್ಕಲಾರದು. ಅಲ್ಲಿ ಅವನಿಗೆ ಸ್ಥಾನ ಕೊಡಿಸುವುದು ಆ ಎರಡು ದಿನಗಳ ಕಾಯುವಿಕೆ. ಆಟಗಾರನ ಕಾಲಿಗೆ ಪೆಟ್ಟಾಗಿದೆಯೇ ಎಂದು ಕಳವಳಪಟ್ಟವನು, ಅವನು ಗೋಲು ಹೊಡೆಯುವುದನ್ನು ಮನಸ್ಸಿನಲ್ಲಿ ಹತ್ತು ಸಲ ಕಂಡವನು, ಅವನ ಸೋಲನ್ನು ತನ್ನ ಸೋಲಾಗಿ ಮೊದಲೇ ಅಂಜಿದವನು, ನಾಲ್ಕನೆಯ ತಾರೀಖು ಬರುವ ಹೊತ್ತಿಗೆ ಆ ಆಟಗಾರನ ಬಂಧುವಾಗಿಬಿಟ್ಟಿರುವನು. ಆಟಗಾರನೂ ತನ್ನ ಪಾಲಿಗೆ, ಬೆನ್ನ ಮೇಲಿನ ಹೆಸರು ಯಾವುದಾದರೂ ಆಗಲಿ, ಎದೆಯ ಮೇಲಿನ ಹೆಸರಿಗಾಗಿ ಓಡುವನು. ಕುಲಾವಿ ಹೊಲಿಯಲು ಕೂಡಿ ಕುಳಿತವರ ಸಂಬಂಧವೆಂದು ಹಿಂದೆ ಹೇಳಿದುದು ಇದನ್ನೇ.

7

ಪುರಾಣದ ದ್ವಾರಕೆಯೂ ವಲಸೆಗಾರರ ಊರು. ಜರಾಸಂಧನ ಉಪಟಳವನ್ನು ತಾಳಲಾರದೆ ಮಥುರೆಯನ್ನು ಬಿಟ್ಟ ಯಾದವರು ಕಡಲ ತಡಿಯಲ್ಲಿ ಕಟ್ಟಿಕೊಂಡ ನಗರ ಅದು. ಕೃಷ್ಣನನ್ನು ಮಥುರೆಯವನೆನ್ನಬೇಕೋ, ಗೋಕುಲದವನೆನ್ನಬೇಕೋ, ದ್ವಾರಕೆಯವನೆನ್ನಬೇಕೋ ಎಂಬ ಪ್ರಶ್ನೆಯನ್ನು ಭಕ್ತರು ಯಾವಾಗಲೂ ಒಂದೇ ಬಗೆಯಲ್ಲಿ ಬಗೆಹರಿಸಿಕೊಂಡಿದ್ದಾರೆ: ಕರೆದವರ ಮನೆಗೆ ಬಂದವನು ಅವರವನು. ದೆಹಲಿಯ ದ್ವಾರಕೆಯಲ್ಲಿ ಕಡಲಿಲ್ಲ. ವಿಮಾನಗಳ ಸದ್ದುಂಟು, ಸಹಕಾರಿ ಗೃಹಸಂಘಗಳ ಮಹಡಿಗಳುಂಟು, ಒಂದೊಂದು ಮಹಡಿಯಲ್ಲಿ ಒಂದೊಂದು ಭಾಷೆಯುಂಟು. ಅಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ನಾಡೆಂಬುದು ಬೇಸಗೆಯ ರಜೆಯಲ್ಲಿ ಕಾಣುವ ಅಜ್ಜಿಯ ಮನೆ.

ಇನ್ನೊಂದು ತೊಡಕನ್ನು ಮರೆಮಾಚಬಾರದು. 2023ರ ಫೆಬ್ರವರಿಯಲ್ಲಿ ಭುವನೇಶ್ವರದಲ್ಲಿ ಸೇರಿದ ಅಂತಿಮ ಸುತ್ತಿನ 12 ತಂಡಗಳಲ್ಲಿ ಕರ್ನಾಟಕದಂತೆಯೇ ದೆಹಲಿಯ ತಂಡವೂ ಇದ್ದಿತು. ಗುಂಪುಗಳು ಬೇರೆಯಾಗಿದ್ದುದರಿಂದ ಅಲ್ಲಿ ಎದುರಾಗಲಿಲ್ಲ. ರಿಯಾದಿನಲ್ಲಿ ಎದುರಾಗಿದ್ದರೆ ದ್ವಾರಕೆಯ ಆ ಬಾಲಿಕೆ ಯಾರ ಪಕ್ಷ ವಹಿಸಬೇಕಾಗಿದ್ದಿತು? ತಂದೆಯ ನಾಡಿನ ಪಕ್ಷವೇ, ತಾನು ಹುಟ್ಟಿದ ಊರಿನ ಪಕ್ಷವೇ? ಇದಕ್ಕೆ ಹಿರಿಯರು ಅಪ್ಪಣೆ ಕೊಡತಕ್ಕದ್ದಲ್ಲವೆಂದು ಈ ಲೇಖಕನ ಅಭಿಪ್ರಾಯ. ದೆಹಲಿಯ ಪಕ್ಷ ವಹಿಸಿದರೆ ಅವಳು ಕನ್ನಡಕ್ಕೆ ಎರವಾದಳೆಂದು ತಿಳಿಯಬೇಕಾಗಿಲ್ಲ. ಕರ್ನಾಟಕದ ಪಕ್ಷ ವಹಿಸಿದರೆ ದೆಹಲಿಗೆ ಹೊರಗಿನವಳೆಂದೂ ಅಲ್ಲ. ಆದರೆ ಕರ್ನಾಟಕಕ್ಕಾಗಿ ಕಾಯುವ ಒಂದು ಸಂದರ್ಭವನ್ನು ನಾವು ಅವಳಿಗೆ ಒದಗಿಸಿಕೊಡಬೇಕು. ಕಾಯದೆ ಯಾರೂ ಯಾರಿಗೂ ನಮ್ಮವರಾಗುವುದಿಲ್ಲ.

ನಮ್ಮ ಸಂಘಗಳು ರಾಜ್ಯೋತ್ಸವವನ್ನು ಮಾಡುತ್ತವೆ, ಕವಿಗಳ ಜಯಂತಿಯನ್ನು ಮಾಡುತ್ತವೆ, ನಾಟಕಗಳನ್ನು ಆಡಿಸುತ್ತವೆ. ಅವೆಲ್ಲ ನಡೆದುಹೋದುದರ ಸ್ಮರಣೆ. ಮಕ್ಕಳು ಬಂದು ಚಪ್ಪಾಳೆ ತಟ್ಟಿ ಹೋಗುವರು. ಬರಲಿರುವುದನ್ನು ಕೂಡಿ ಕಾಯುವ ಅವಕಾಶವು ಅಲ್ಲಿ ಕಡಮೆ. ಮುಂದೊಮ್ಮೆ ಕರ್ನಾಟಕವೋ ಬೆಂಗಳೂರೋ ಯಾವುದಾದರೊಂದು ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದಾಗ, ಅದರ ಮುನ್ನಾದಿನದ ಸಂಜೆ ಹತ್ತು ಮನೆಯವರು ಒಂದೆಡೆ ಸೇರಿ, ಸಂಪಂಗಿಯವರ ಕಪ್ಪಿನ ಕಥೆಯನ್ನೂ 1937ರ ಬ್ಯಾಂಗಲೂರ್ ಮುಸ್ಲಿಮ್ಸ್ ತಂಡದ ಕಥೆಯನ್ನೂ ರಾಮನ್ನರ ಗೋಲಿನ ಕಥೆಯನ್ನೂ ಮಕ್ಕಳಿಗೆ ಕನ್ನಡದಲ್ಲಿ ಹೇಳಿದರೆ, ಮರುದಿನದ ಹನ್ನೊಂದು ಹೆಸರುಗಳು ಅವರಿಗೆ ಅಪರಿಚಿತವಾಗಿ ಕೇಳಿಸಲಾರವು. ಪಂದ್ಯವನ್ನು ಸೋತರೂ ಆ ಸಂಜೆ ನಷ್ಟವಾಗುವುದಿಲ್ಲ.

ಆ ಮನೆಯಲ್ಲಿ ಮಾರ್ಚ್ 4ರಂದು ಏನಾಯಿತೆಂಬುದನ್ನು ಹೇಳಿ ಮುಗಿಸಬಹುದು. ಮೂರನೆಯ ಗೋಲು ಬಿದ್ದಾಗ ಬಾಲಿಕೆಯು ಕುರ್ಚಿಯಿಂದೆದ್ದು ಕೂಗಿದಳಂತೆ. ಕೊನೆಯ ಅರ್ಧ ಗಂಟೆ ತಂದೆಯ ಕೈಯನ್ನು ಬಿಡಲಿಲ್ಲವಂತೆ. ‘ಹೇಗೆ’ ಎಂಬ ಪ್ರಶ್ನೆಯನ್ನು ಅವಳು ಮತ್ತೆ ಕೇಳಲಿಲ್ಲವೆಂದು ತಂದೆಯವರು ಹೇಳಿದರು.